ಕೀಲೆಣ್ಣೆಯ ಚರಿತ್ರೆ: ಒಂದು ಅಣುವಿನಷ್ಟು ದಪ್ಪ



ಎಣ್ಣೆ ಹಾಕಿದರೆ ಕೀಲು ಯಾಕೆ ಸಲೀಸಾಗಿ ತಿರುಗುತ್ತದೆ? ಎಂಟನೇ ತರಗತಿಯ ಮಗುವನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಲೋಹದ ಮೈ ನೋಡಲು ನುಣುಪಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ, ಎಣ್ಣೆ ಆ ತಗ್ಗುಗಳನ್ನು ತುಂಬಿ ಎರಡು ಮೈಗಳ ನಡುವೆ ಪದರವಾಗಿ ನಿಲ್ಲುತ್ತದೆ, ಆದ್ದರಿಂದ ಘರ್ಷಣೆ ಕಡಿಮೆಯಾಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕ! ಉತ್ತರ ತಪ್ಪೇನಲ್ಲ. ಆದರೆ ಇಷ್ಟನ್ನೇ ನಂಬಿಕೊಂಡರೆ ಮುಂದಿನ ಪ್ರಶ್ನೆಗೆ ತಡವರಿಸಬೇಕಾಗುತ್ತದೆ. ತಗ್ಗು ತುಂಬುವುದೇ ಕೆಲಸವಾದರೆ ಯಾವ ಎಣ್ಣೆಯಾದರೂ ನಡೆಯಬೇಕಲ್ಲ? ನಮ್ಮ ಅಜ್ಜಂದಿರು ಗಾಡಿಯ ಅಚ್ಚಿಗೆ ಹರಳೆಣ್ಣೆಯೇ ಬೇಕೆಂದು ಯಾಕೆ ಹಟ ಹಿಡಿಯುತ್ತಿದ್ದರು? ಅದು ಬರೀ ರೂಢಿಯೇ?

ರೂಢಿಯಲ್ಲ. ಅದಕ್ಕೆ ಕಾರಣವಿತ್ತು. ಆ ಕಾರಣವನ್ನು ಹುಡುಕಿಕೊಳ್ಳಲು ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಕಥೆ ಇಲ್ಲಿದೆ.

ಸಿರುಮುಗೈಯಿಂದಲೇ ಶುರು ಮಾಡೋಣ. ಕೊಯಮತ್ತೂರು ಜಿಲ್ಲೆಯಲ್ಲಿ, ಮೇಟುಪಾಳ್ಯದಿಂದ ಹತ್ತು ಕಿಲೋಮೀಟರಿನ ಒಳಗೆ, ಭವಾನಿ ನದಿಯ ಮಗ್ಗುಲಲ್ಲಿರುವ ನೇಕಾರರ ಊರು ಇದು. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ಮಗ್ಗ ನಡೆಸಿಕೊಂಡು ಬಂದಿವೆ. ಮಾತು ಕನ್ನಡ, ಓದು ತಮಿಳು. ನದಿಯ ಕೆಳಭಾಗದಲ್ಲಿ ಹೊಯ್ಸಳರ ಕಾಲದ ದಣ್ಣಾಯಕನ ಕೋಟೆ ಭವಾನಿಸಾಗರ ಜಲಾಶಯದ ನೀರಿನಡಿ ಮುಳುಗಿದೆ. ಅದು ಬೇರೆಯದೇ ಕಥೆ, ಇನ್ನೊಮ್ಮೆ ಬರೆದೇನು.

ಕೈಮಗ್ಗದಲ್ಲಿ ಎಣ್ಣೆ ಬೇಡುವ ಜಾಗಗಳು ಕೆಲವೇ. ಲಾಳಿಯನ್ನು ತಳ್ಳುವ ಪಿಕ್ಕರ್ ಒಂದು ಕಬ್ಬಿಣದ ಸರಳಿನ ಮೇಲೆ ಅತ್ತಿಂದಿತ್ತ ಜಾರುತ್ತದೆ. ಪ್ರತಿ ಹೊಡೆತಕ್ಕೂ ಹೋಗಿ, ನಿಂತು, ಹಿಂದಕ್ಕೆ ಬರುತ್ತದೆ. ಅಲ್ಲಿಗೆ ಎಣ್ಣೆ ಸುರಿಯುವ ಹಾಗಿಲ್ಲ. ಒಂದು ಹನಿ ಹೆಚ್ಚಾಗಿ ಸಿಡಿದರೆ ಸೀರೆಯ ಮೇಲೆ ಕಲೆ, ವಾರದ ದುಡಿಮೆ ಹಾಳು. ಹಾಗಾಗಿ ಬೇಕಾಗುವುದು ತೀರಾ ಕಡಿಮೆ ಇದ್ದರೂ ಕಬ್ಬಿಣವನ್ನು ಬಿಡದೆ ಅಂಟಿಕೊಂಡಿರುವ ಜಿಡ್ಡು.

ಎತ್ತಿನ ಗಾಡಿಯದೂ ಹೆಚ್ಚು ಕಡಿಮೆ ಇದೇ ಪಾಡು. ಕಡಾಣಿ ಕಿತ್ತು, ಗಾಲಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳಿಯುವುದನ್ನು ಹಿರಿಯರು ನೋಡಿರುತ್ತಾರೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಕಪ್ಪು ಜಿಡ್ಡು ಅದು. ತಮಿಳಿನಲ್ಲಿ ಇದಕ್ಕೆ ‘ವಂಡಿ ಮೈ’ ಎನ್ನುತ್ತಾರೆ, ಗಾಡಿಯ ಮಸಿ. ಹರಳೆಣ್ಣೆಗೆ ತಮಿಳಿನಲ್ಲಿ ‘ವಿಳಕ್ಕೆಣ್ಣೆಯ್’, ಅಂದರೆ ದೀಪದ ಎಣ್ಣೆ. ದೀಪಕ್ಕೂ ಅದೇ, ಗಾಡಿಗೂ ಅದೇ, ಹೊಟ್ಟೆಗೂ ಅದೇ!

ಈಗ ಒಂದು ಸಣ್ಣ ಲೆಕ್ಕ. ಗಾಲಿಯ ಅಡ್ಡಳತೆ ಒಂದೂವರೆ ಮೀಟರ್ ಇದ್ದು, ಎತ್ತುಗಳು ಗಂಟೆಗೆ ಮೂರೂವರೆ ಕಿಲೋಮೀಟರ್ ನಡೆದರೆ ಗಾಲಿ ನಿಮಿಷಕ್ಕೆ ಎಷ್ಟು ಸುತ್ತುತ್ತದೆ? ಮಕ್ಕಳಿಂದ ಮಾಡಿಸಿ. ಹನ್ನೆರಡರ ಆಸುಪಾಸು ಬರುತ್ತದೆ. ಈ ಹನ್ನೆರಡನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ನಮ್ಮ ಸೀಮೆಗೆ ಇನ್ನೊಂದು ಬಗೆಯ ಯಂತ್ರ ಬಂತು. ಕೊಯಮತ್ತೂರಿನಲ್ಲಿ 1888ರಲ್ಲಿ ಸ್ಟೇನ್ಸ್ ಅವರ ನೂಲಿನ ಗಿರಣಿ ಸ್ಥಾಪನೆಯಾಯಿತು. ಗಿರಣಿಯ ಕದಿರು ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುವಂಥದ್ದು. ಅಷ್ಟು ಹೊತ್ತಿಗೆ ನೆಲದಿಂದ ತೆಗೆದ ಖನಿಜ ತೈಲವೂ ಪೇಟೆಗೆ ಬಂದಿತ್ತು. ಅಗ್ಗ, ಕಮಟುವುದಿಲ್ಲ, ಗಟ್ಟಿಯಾಗಿ ಅಂಟಾಗುವುದಿಲ್ಲ. ವೇಗದ ಯಂತ್ರಗಳಿಗೆ ಅದು ಚೆನ್ನಾಗಿಯೇ ಹೊಂದಿತು.

ಯಾಕೆ ಹೊಂದಿತು ಎಂಬುದೂ ಅದೇ ಕಾಲದಲ್ಲಿ ತಿಳಿಯಿತು. ಇಂಗ್ಲೆಂಡಿನಲ್ಲಿ ಬೋಷಂಪ್ ಟವರ್ ಎಂಬ ಎಂಜಿನಿಯರ್ ರೈಲ್ವೆ ಅಚ್ಚಿನಂಥ ಬೇರಿಂಗನ್ನು ಎಣ್ಣೆಯಲ್ಲಿ ತಿರುಗಿಸಿ ಪರೀಕ್ಷೆ ಮಾಡುತ್ತಿದ್ದರು. ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಬಿಡಲು ಕೊರೆದಿದ್ದ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕತೊಡಗಿತು. ಬಿರಡೆ ಜಡಿದರು, ಬಿರಡೆಯೂ ಹೊರಗೆ ಬಂತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು ಒತ್ತಡ ಹುಟ್ಟಿಸುತ್ತದೆ, ಆ ಒತ್ತಡವೇ ಭಾರವನ್ನು ಎತ್ತಿ ಹಿಡಿಯುತ್ತದೆ ಎಂದು ಇದರಿಂದ ಗೊತ್ತಾಯಿತು. ಟವರ್ ಅವರ ವರದಿ ಬಂದದ್ದು 1883ರಲ್ಲಿ. ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಅದಕ್ಕೆ ಗಣಿತ ಬರೆದರು. ಈ ಗಣಿತದಲ್ಲಿ ಎಣ್ಣೆಯ ಒಂದೇ ಗುಣಕ್ಕೆ ಬೆಲೆ, ಅದರ ಮಂದತನ ಅಥವಾ ಸ್ನಿಗ್ಧತೆ. ಅದು ಯಾವ ಗಿಡದ್ದು, ಯಾವ ಪ್ರಾಣಿಯದ್ದು, ನೆಲದ್ದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಸಾವಿರಾರು ಸುತ್ತಿನ ಕದಿರಿಗೆ ಇದು ಸರಿ. ಹನ್ನೆರಡು ಸುತ್ತಿನ ಗಾಡಿಗೆ? ಆ ವೇಗದಲ್ಲಿ ಭಾರ ಎತ್ತುವಷ್ಟು ಒತ್ತಡ ಹುಟ್ಟುವುದೇ ಇಲ್ಲ. ಅಚ್ಚು ಮತ್ತು ಗುಂಬದ ಕಬ್ಬಿಣ ಒಂದನ್ನೊಂದು ಮುಟ್ಟಿಕೊಂಡೇ ಉಜ್ಜುತ್ತಿರುತ್ತವೆ. ವೇಗದ ಯಂತ್ರವೂ ಹೊರಡುವ ಕ್ಷಣದಲ್ಲಿ, ನಿಲ್ಲುವ ಕ್ಷಣದಲ್ಲಿ ಎತ್ತಿನ ಗಾಡಿಯೇ. ದಿನಕ್ಕೆ ಐದಾರು ಸಲ ಕರೆಂಟು ಹೋಗಿ ಬಂದರೆ ಅಷ್ಟು ಸಲ ಗಿರಣಿಯ ಪ್ರತಿ ಬೇರಿಂಗೂ ಆ ಸ್ಥಿತಿಯನ್ನು ದಾಟಬೇಕು.

ಸಿರುಮುಗೈಯವರಿಗೆ ಇದಕ್ಕೆ ಒಳ್ಳೆಯ ಉದಾಹರಣೆ ಪಕ್ಕದಲ್ಲೇ ಇದೆ, ಮೇಟುಪಾಳ್ಯದಿಂದ ಊಟಿಗೆ ಹತ್ತುವ ರೈಲು. ಕೂನೂರಿನವರೆಗೆ 1899ರಲ್ಲಿ, ಊಟಿಗೆ 1908ರಲ್ಲಿ ಓಡಿದ ಈ ರೈಲು 46 ಕಿಲೋಮೀಟರ್ ಹತ್ತಲು ಐದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಕಲ್ಲಾರು ದಾಟಿದ ಮೇಲೆ ಹನ್ನೆರಡು ಅಡಿಗೆ ಒಂದಡಿ ಏರು, ಹಲ್ಲುಗಂಬಿಯನ್ನು ಕಚ್ಚಿಕೊಂಡು ಹೋಗಬೇಕು. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆ 1914ರಿಂದ ಕಟ್ಟಿಕೊಟ್ಟ ಉಗಿ ಎಂಜಿನ್ನುಗಳಿಗೆ ನಾಲ್ಕು ಸಿಲಿಂಡರು, ಎರಡು ಮಾಮೂಲಿ ಗಾಲಿಗೆ, ಎರಡು ಹಲ್ಲುಗಾಲಿಗೆ. ಸಿಲಿಂಡರಿನೊಳಗೆ ಪಿಸ್ಟನ್ ಏನು ಮಾಡುತ್ತದೆ? ಲಾಳಿಯ ಪಿಕ್ಕರ್ ಮಾಡಿದ್ದನ್ನೇ! ಹೋಗಿ, ನಿಂತು, ಹಿಂದಕ್ಕೆ ಬರುತ್ತದೆ. ಎರಡು ತುದಿಯಲ್ಲೂ ಅದರ ವೇಗ ಸೊನ್ನೆ. ಸಾಲದ್ದಕ್ಕೆ ಒಳಗೆಲ್ಲ ಬಿಸಿ ಉಗಿ, ತೇವ. ನೀರು ಎಣ್ಣೆಯನ್ನು ತೊಳೆದುಹಾಕಲು ಕಾದಿರುತ್ತದೆ.

ಉಗಿ ಎಂಜಿನ್ನಿನ ಮೊದಲ ಕಾಲದಲ್ಲಿ ಸಿಲಿಂಡರಿಗೆ ಹೆಚ್ಚಾಗಿ ಹಾಕುತ್ತಿದ್ದುದು ದನದ ಕೊಬ್ಬು. ಅದು ಕಬ್ಬಿಣಕ್ಕೆ ಚೆನ್ನಾಗಿ ಅಂಟುತ್ತಿತ್ತು, ಆದರೆ ಒಂದು ದೊಡ್ಡ ತೊಂದರೆ ಇತ್ತು. ಕೊಬ್ಬು ಮತ್ತು ನಮ್ಮ ಅಡುಗೆ ಎಣ್ಣೆಗಳೆಲ್ಲ ರಚನೆಯಲ್ಲಿ ಅಣ್ಣತಮ್ಮಂದಿರು. ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಸೇರಿಕೊಂಡಿರುತ್ತವೆ. ಬಿಸಿ ಉಗಿ ತಾಗಿದರೆ ಈ ಕಟ್ಟು ಬಿಚ್ಚಿ ಆಮ್ಲ ಬಿಡುಗಡೆಯಾಗುತ್ತದೆ. ಹಳೆಯ ಎಣ್ಣೆ ಕಮಟು ನಾರುವಾಗಲೂ ಸ್ವಲ್ಪ ಮಟ್ಟಿಗೆ ಇದೇ ಆಗಿರುತ್ತದೆ. ಆ ಆಮ್ಲ ಕಬ್ಬಿಣವನ್ನು ತಿನ್ನತೊಡಗಿತು. ಸಿಲಿಂಡರು, ಕವಾಟಗಳೆಲ್ಲ ಗುಳಿಬಿದ್ದವು. ಖನಿಜ ತೈಲ ಬಂದ ಮೇಲೆ ಎಂಜಿನಿಯರುಗಳು ಕೊಬ್ಬನ್ನು ಓಡಿಸಿಯೇ ಬಿಡೋಣ ಎಂದುಕೊಂಡರು. ಪೂರ್ತಿ ಓಡಿಸಿದರೆ ತೇವದ ಸಿಲಿಂಡರಿನಲ್ಲಿ ಖನಿಜ ತೈಲ ಲೋಹಕ್ಕೆ ಸರಿಯಾಗಿ ಹಿಡಿಯದು. ಕಡೆಗೆ ಉಳಿದ ದಾರಿ ಖನಿಜ ತೈಲಕ್ಕೆ ನೂರಕ್ಕೆ ಐದೋ ಹತ್ತೋ ಪಾಲು ಕೊಬ್ಬು ಬೆರೆಸುವುದು. ಉಗಿ ಸಿಲಿಂಡರಿನ ಎಣ್ಣೆಯನ್ನು ಇಂದಿಗೂ ಹೀಗೆ ಬೆರೆಸಿ ಮಾರುತ್ತಾರೆ.

ಇಲ್ಲೊಂದು ಒಗಟು ಇದೆ ನೋಡಿ. ಹೆಚ್ಚಾದರೆ ಕಬ್ಬಿಣ ತಿನ್ನುವ ವಸ್ತು, ಚೂರೇ ಚೂರು ಇದ್ದರೆ ಕಬ್ಬಿಣ ಕಾಯುತ್ತದೆ!

ಒಗಟನ್ನು ಹಿಡಿದು ಜಗ್ಗಿದವರಲ್ಲಿ ಮೊದಲಿಗರು ರೈಲ್ವೆಯವರೇ. ಲೆನಾರ್ಡ್ ಆರ್ಚ್‌ಬಟ್ ಇಂಗ್ಲೆಂಡಿನ ಮಿಡ್‌ಲೆಂಡ್ ರೈಲ್ವೆಯ ರಸಾಯನತಜ್ಞರು, ಮೌಂಟ್‌ಫರ್ಡ್ ಡೀಲಿ ಅದೇ ರೈಲ್ವೆಯ ಎಂಜಿನ್ ವಿಭಾಗದವರು. ಇಬ್ಬರೂ ಸೇರಿ 1900ರಲ್ಲಿ ಕೀಲೆಣ್ಣೆಗಳ ಬಗ್ಗೆ ದಪ್ಪನೆಯ ಪುಸ್ತಕವೊಂದನ್ನು ಹೊರತಂದರು. ಒಂದೇ ಮಂದತನದ ಎರಡು ಎಣ್ಣೆಗಳು ನಿಧಾನ ವೇಗದಲ್ಲಿ ಬೇರೆ ಬೇರೆ ಘರ್ಷಣೆ ತೋರಿಸುತ್ತವೆ ಎಂಬುದು ಆಗಿನ ಎಂಜಿನಿಯರುಗಳಿಗೆ ಅನುಭವದಿಂದ ಗೊತ್ತಿತ್ತು. ಈ ಗುಣಕ್ಕೆ ಅವರು ಇಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಜಿಡ್ಡುತನ’. ಹೆಸರೇನೋ ಆಯಿತು, ಆದರೆ ಅದು ಏನೆಂದು ಯಾರಿಗೂ ಗೊತ್ತಿರಲಿಲ್ಲ. ಡೀಲಿ 1919ರಲ್ಲಿ ಒಂದು ಧೈರ್ಯದ ಮಾತು ಹೇಳಿದರು: ಎಣ್ಣೆಯ ಅಂಶ ಲೋಹದ ಮೈಯೊಂದಿಗೇ ಕೂಡಿಕೊಂಡು ಹೊಸದೊಂದು ಮೈ ಮಾಡುತ್ತದೆ, ಹಾಗಾಗಿ ಎಣ್ಣೆಯನ್ನು ಮಾತ್ರ ನೋಡಿದರೆ ಸಾಲದು, ಲೋಹವನ್ನೂ ನೋಡಬೇಕು. ನನ್ನ ಪ್ರಕಾರ ಈ ಇಡೀ ಚರಿತ್ರೆಯ ತಿರುವು ಇಲ್ಲಿದೆ. ಪ್ರಯೋಗಶಾಲೆಯ ದೊಡ್ಡ ಹೆಸರುಗಳ ಮಧ್ಯೆ ಡೀಲಿಯವರನ್ನು ನೆನೆಯುವವರು ಕಡಿಮೆ.

ಅದೇ ಹೊತ್ತಿಗೆ ಹೆನ್ರಿ ವೆಲ್ಸ್ ಮತ್ತು ಜೇಮ್ಸ್ ಸೌತ್‌ಕೂಂಬ್ ಎಂಬಿಬ್ಬರು ಒಗಟಿನ ಅರ್ಧವನ್ನು ಬಿಡಿಸಿದ್ದರು. ಕೊಬ್ಬನ್ನು ಇಡಿಯಾಗಿ ಬೆರೆಸುವ ಬದಲು ಅದರೊಳಗಿನ ಕೊಬ್ಬಿನಾಮ್ಲವನ್ನು ಮಾತ್ರ, ಅದೂ ನೂರಕ್ಕೆ ಒಂದು ಪಾಲಿನಷ್ಟನ್ನು, ಖನಿಜ ತೈಲಕ್ಕೆ ಹಾಕಿದರೆ ಸಾಕು, ಜಿಡ್ಡುತನ ಬಂದುಬಿಡುತ್ತದೆ! 1918ರ ಸುಮಾರಿಗೆ ಪೇಟೆಂಟ್ ಮಾಡಿಸಿ, 1920ರಲ್ಲಿ ವಿವರವಾಗಿ ಪ್ರಕಟಿಸಿದರು. ಅಷ್ಟು ಕಡಿಮೆ ಹಾಕಿದರೆ ಲೋಹ ತಿನ್ನುವ ಭಯವೂ ಕಡಿಮೆ. ಒಂದು ಪಾಲು ಎಣ್ಣೆಯ ಮಂದತನವನ್ನು ಬದಲಿಸುವುದಿಲ್ಲ, ತಗ್ಗು ತುಂಬುವುದರಲ್ಲೂ ವ್ಯತ್ಯಾಸ ಮಾಡುವುದಿಲ್ಲ. ಆದರೂ ಘರ್ಷಣೆ ಇಳಿಯುತ್ತದೆ. ಅಂದರೆ ಈ ಒಂದು ಪಾಲು ಎಣ್ಣೆಯಲ್ಲೆಲ್ಲ ಹರಡಿಕೊಂಡು ಕೂತಿಲ್ಲ, ಎಲ್ಲಿ ಬೇಕೋ ಅಲ್ಲಿಗೆ, ಲೋಹದ ಮೈಗೆ, ಹುಡುಕಿಕೊಂಡು ಹೋಗಿ ಸೇರಿಕೊಂಡಿರಬೇಕು.

ಹೀಗೆ ಮೈಗೆ ಸೇರಿಕೊಳ್ಳುವುದಕ್ಕೆ ಕನ್ನಡ ಪುಸ್ತಕಗಳಲ್ಲಿ ‘ಅಧಿಶೋಷಣೆ’ ಎಂಬ ಪದವಿದೆ. ಕೇಳಿದ ಕೂಡಲೇ ಮಕ್ಕಳಿಗೆ ನೆನಪಾಗುವುದು ಯಾರೋ ಯಾರನ್ನೋ ಶೋಷಣೆ ಮಾಡಿದ್ದು! ಸ್ಪಂಜು ನೀರು ಹೀರಿದಂತೆ ಒಳಗೆ ಹೀರುವುದೇ ಬೇರೆ, ಇದೇ ಬೇರೆ. ತಮಿಳಿನ ಪಠ್ಯದಲ್ಲಿ ಇದಕ್ಕೆ ‘ಪರಪ್ಪು ಕವರ್ದಲ್’ ಎನ್ನುತ್ತಾರೆ, ಹರವಿನ ಸೆಳೆತ, ಮೇಲ್ಮೈಯ ಸೆಳೆತ ಎಂದರ್ಥ. ಅರ್ಥ ಪದದಲ್ಲೇ ಕೂತಿದೆ. ಸಿರುಮುಗೈಯ ಮಕ್ಕಳಿಗೆ ಎರಡು ಭಾಷೆ ಬರುವುದು ಹೊರೆ ಎನ್ನುವವರಿಗೆ ನಾನು ಈ ಪದವನ್ನು ತೋರಿಸುತ್ತೇನೆ. ಈ ಬರಹದಲ್ಲಿ ನಾನು ‘ಮೈಸೆಳೆತ’ ಎನ್ನುತ್ತೇನೆ, ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಪದವನ್ನೇ ಬರೆಯಿರಿ.

ಇನ್ನು ಅರ್ಧ ಒಗಟು ಉಳಿಯಿತು, ಸೇರಿಕೊಂಡದ್ದು ಎಷ್ಟು ದಪ್ಪ, ಹೇಗೆ ನಿಂತಿದೆ? ಇದರ ಸುಳಿವು ಸಿಕ್ಕಿದ್ದು ಲೋಹದ ಮೇಲಲ್ಲ, ನೀರಿನ ಮೇಲೆ. ಅದಕ್ಕೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಹತ್ತಿರ ಕ್ಲಾಪಮ್‌ನ ಕೊಳದಲ್ಲಿ ಒಂದು ಟೀ ಚಮಚೆಯಷ್ಟು ಎಣ್ಣೆ ಬಿಟ್ಟಾಗ ಅದು ಅರ್ಧ ಎಕರೆಯವರೆಗೆ ಹರಡಿ ಅಲೆಗಳನ್ನು ಅಡಗಿಸಿತು. ಇದನ್ನು ಅವರು 1774ರಲ್ಲಿ ಪ್ರಕಟಿಸಿದರು, ದಪ್ಪದ ಲೆಕ್ಕ ಮಾತ್ರ ಮಾಡಲಿಲ್ಲ. ನಾವು ಮಾಡೋಣ. ಚಮಚೆಗೆ 5 ಮಿಲಿಲೀಟರ್, ಅರ್ಧ ಎಕರೆಗೆ ಸುಮಾರು 2000 ಚದರ ಮೀಟರ್. ಭಾಗಿಸಿದರೆ 2.5 ನ್ಯಾನೋಮೀಟರ್. ತಲೆಗೂದಲಿನ ದಪ್ಪವನ್ನು 0.07 ಮಿಲಿಮೀಟರ್ ಎಂದುಕೊಂಡರೆ ಇಂಥ 28,000 ಪದರ ಪೇರಿಸಿದರೆ ಒಂದು ಕೂದಲು.

ಈ ಪದರವನ್ನು ಸರಿಯಾಗಿ ಅಳೆಯುವ ದಾರಿ ತೋರಿಸಿದವರು ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್. ಹುಟ್ಟಿದ್ದು 1862ರಲ್ಲಿ. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಕ್ಕೆ ಪ್ರವೇಶವಿರಲಿಲ್ಲ. ಮನೆಯಲ್ಲೇ ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ಒಂದು ತಗಡಿನ ಪಟ್ಟಿಯನ್ನು ಅಡ್ಡ ಇಟ್ಟು, ಅದನ್ನು ಸರಿಸುತ್ತಾ ಜಿಡ್ಡಿನ ಪದರವನ್ನು ಹಿಗ್ಗಿಸಿ ಕುಗ್ಗಿಸಿ ನೀರಿನ ಮೇಲ್ಮೈ ಎಳೆತವನ್ನು ಅಳೆದರು. 1891ರಲ್ಲಿ ಲಾರ್ಡ್ ರ‍್ಯಾಲಿಯವರಿಗೆ ಪತ್ರ ಬರೆದರು. ದೊಡ್ಡ ಮನುಷ್ಯ ಅವರು, ಆ ಪತ್ರವನ್ನು ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ 1917ರಲ್ಲಿ ಇದೇ ಬಗೆಯ ತೊಟ್ಟಿಯನ್ನು ಬಳಸಿ ಒಂದು ಚಂದದ ಸಂಗತಿ ಕಂಡುಹಿಡಿದರು. 16 ಕಾರ್ಬನ್ನಿನ ಕೊಬ್ಬಿನಾಮ್ಲ, 18 ಕಾರ್ಬನ್ನಿನದ್ದು, 26 ಕಾರ್ಬನ್ನಿನದ್ದು... ಮೂರೂ ಅಣುಗಳು ನೀರಿನ ಮೇಲೆ ಹಿಡಿಯುವ ಜಾಗ ಹೆಚ್ಚು ಕಡಿಮೆ ಒಂದೇ! ಮಲಗಿದ್ದರೆ ಉದ್ದದ ಅಣು ಹೆಚ್ಚು ಜಾಗ ಹಿಡಿಯಬೇಕಿತ್ತು. ಹಿಡಿಯುತ್ತಿಲ್ಲ ಎಂದರೆ ಎಲ್ಲವೂ ನಿಂತಿವೆ, ಗದ್ದೆಯ ಪೈರಿನ ಹಾಗೆ. ಆಮ್ಲದ ತಲೆ ನೀರಿನಲ್ಲಿ, ಕಾರ್ಬನ್ನಿನ ಬಾಲ ಮೇಲಕ್ಕೆ. ಇಂಥ ಒಂದೇ ಪದರ ಗಾಜಿನ ಮೇಲೆ ಕೂತರೂ ಘರ್ಷಣೆ ಕುಸಿಯುತ್ತದೆಂದು 1920ರಲ್ಲಿ ಅವರೇ ತೋರಿಸಿದರು.

ಇದರ ಒಂದು ತುಣುಕನ್ನು ತರಗತಿಯಲ್ಲಿ ನೋಡಬಹುದು. ಸೋಪಿನ ಅಂಶ ಒಂದಿಷ್ಟೂ ಇಲ್ಲದಂತೆ ತೊಳೆದ ಎರಡು ತಟ್ಟೆಗಳಲ್ಲಿ ನೀರು ಹಾಕಿ, ಮೇಲೆ ತೆಳ್ಳಗೆ ಮುಖದ ಪೌಡರು ಉದುರಿಸಿ. ಒಂದಕ್ಕೆ ಕಡ್ಡಿಯ ತುದಿಯಿಂದ ಹರಳೆಣ್ಣೆ ತಾಗಿಸಿ. ಪೌಡರು ಸರ್ರೆಂದು ಅಂಚಿಗೆ ಓಡುತ್ತದೆ. ಇನ್ನೊಂದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಾಗಿಸಿ, ಅದು ಶುದ್ಧ ಖನಿಜ ತೈಲ. ಹನಿ ಹನಿಯಾಗಿಯೇ ಕೂತಿರುತ್ತದೆ. ಅದಕ್ಕೆ ನೀರನ್ನು ಹಿಡಿಯುವ ತಲೆಯೇ ಇಲ್ಲ. ಗಾಡಿಗೆ ಹಾಕುವ ಎಂಜಿನ್ ಆಯಿಲ್ ಮಾತ್ರ ಬಳಸಬೇಡಿ, ಅದರಲ್ಲಿ ಏನೇನೋ ಬೆರೆಸಿರುತ್ತಾರೆ.

ನೀರಿನ ಕಥೆಯನ್ನು ಕಬ್ಬಿಣಕ್ಕೆ ತಂದವರು ಕೇಂಬ್ರಿಜಿನ ವಿಲಿಯಂ ಹಾರ್ಡಿ, ಮೂಲತಃ ಜೀವವಿಜ್ಞಾನಿ, ಮತ್ತು ಅವರ ಜೊತೆ ಪ್ರಯೋಗ ಮಾಡಿದ ಐಡಾ ಡಬಲ್‌ಡೇ. 1922ರಲ್ಲಿ ಇಬ್ಬರ ಹೆಸರಿನಲ್ಲೂ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಲೇಖನದಲ್ಲೇ ಈ ಬಗೆಯ ಜಾರಿಕೆಗೆ ‘ಗಡಿ’ಯ ಹೆಸರು ಅಂಟಿಕೊಂಡದ್ದು. ಎರಡು ಗಟ್ಟಿ ವಸ್ತುಗಳ ಗಡಿಯಲ್ಲಿ ನಡೆಯುವ ಕೆಲಸ ಅದು. ಗಡಿಯಾಚೆಯ ಕನ್ನಡಿಗರಾದ ನಮಗೆ ಈ ಹೆಸರು ಹಿಡಿಸಬೇಕು! ಶುದ್ಧ ರಾಸಾಯನಿಕಗಳನ್ನು ಒಂದೊಂದಾಗಿ ತೆಗೆದುಕೊಂಡು, ಗಾಜು ಮತ್ತು ಉಕ್ಕಿನ ಮೇಲೆ ಸಣ್ಣ ಜಾರುಗುಂಡನ್ನು ಎಳೆದು ಘರ್ಷಣೆ ಅಳೆದರು. ಕಾರ್ಬನ್ ಸರಪಣಿ ಉದ್ದವಾದಷ್ಟೂ ಘರ್ಷಣೆ ಸರಳರೇಖೆಯಲ್ಲಿ ಇಳಿಯಿತು. ಅಷ್ಟೇ ಉದ್ದದ ಪ್ಯಾರಾಫಿನ್, ಆಲ್ಕೊಹಾಲ್, ಆಮ್ಲ ಮೂರನ್ನು ಹೋಲಿಸಿದರೆ ಆಮ್ಲದ್ದೇ ಎಲ್ಲಕ್ಕಿಂತ ಕಡಿಮೆ. ತಲೆ ಲೋಹವನ್ನು ಹಿಡಿದಿದೆ, ಬಾಲಗಳು ಹೊರಗೆ ನಿಂತಿವೆ, ಈ ಕಡೆಯ ಬಾಲಗಳು ಆ ಕಡೆಯ ಬಾಲಗಳ ಮೇಲೆ ಜಾರುತ್ತವೆ, ಲೋಹಕ್ಕೆ ಲೋಹ ತಾಗುವುದು ತಪ್ಪುತ್ತದೆ. ಇದು ಹಾರ್ಡಿಯವರ ಚಿತ್ರ. ಪಠ್ಯಪುಸ್ತಕಗಳಲ್ಲಿ ಹಾರ್ಡಿಯವರ ಹೆಸರು ಸಿಗುತ್ತದೆ, ಡಬಲ್‌ಡೇ ಹೆಸರು ಅಪರೂಪ. ರಾಯಲ್ ಸೊಸೈಟಿಗೆ ಮೊದಲ ಬಾರಿ ಮಹಿಳೆಯರು ಸದಸ್ಯರಾಗಿ ಆಯ್ಕೆಯಾದದ್ದೇ 1945ರಲ್ಲಿ.

ಇಷ್ಟಕ್ಕೆ ಒಗಟು ಬಿಡಿಸಿತೆಂದು ಎಲ್ಲರೂ ಭಾವಿಸಿದ್ದರು. ಆದರೆ ನಮ್ಮ ದೇವರಮನೆಯಲ್ಲಿ ಒಂದು ಸಾಕ್ಷಿ ಬಾಕಿ ಇತ್ತು. ಹಿತ್ತಾಳೆ ದೀಪದಲ್ಲಿ ಎಣ್ಣೆ ಉಳಿಸಿ ನಾಲ್ಕು ದಿನ ಮರೆತುಬಿಡಿ. ಬತ್ತಿಯ ಸುತ್ತ ಹಸಿರು ಜಿಡ್ಡು ಕಟ್ಟುತ್ತದೆ. ಕಿಲುಬು ಎನ್ನುತ್ತೇವೆ, ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಅದೇನು? ಹಿತ್ತಾಳೆಯ ತಾಮ್ರವೂ ಎಣ್ಣೆಯ ಕೊಬ್ಬಿನಾಮ್ಲವೂ ಕೂಡಿ ಆದ ಉಪ್ಪು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಸಾಬೂನು ಎಂದೇ ಹೆಸರು. ನಾವು ಮೈಗೆ ಹಚ್ಚುವುದು ಸೋಡಿಯಂ ಸಾಬೂನು, ದೀಪದಲ್ಲಿರುವುದು ತಾಮ್ರದ ಸಾಬೂನು. ಅಂದರೆ ಆಮ್ಲ ಲೋಹದ ಮೇಲೆ ಸುಮ್ಮನೆ ನಿಂತಿಲ್ಲ, ಕೂಡಿಕೆಯನ್ನೇ ಮಾಡಿಕೊಂಡಿದೆ.

ಇದನ್ನು ಗಟ್ಟಿಯಾಗಿ ಸಾಬೀತು ಮಾಡಿದ ಕೆಲಸ ಎರಡನೇ ಮಹಾಯುದ್ಧದ ಕಾಲದ್ದು. ಟಾಸ್ಮೇನಿಯಾದಲ್ಲಿ ಹುಟ್ಟಿದ ಫಿಲಿಪ್ ಬೌಡನ್ 1939ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಬೇರಿಂಗು ಮತ್ತು ಕೀಲೆಣ್ಣೆಗಳಿಗಾಗಿ ಒಂದು ಸಂಶೋಧನಾ ವಿಭಾಗ ಕಟ್ಟಿದರು. ಡೇವಿಡ್ ಟೇಬರ್ ಅಲ್ಲಿಗೆ ಬಂದು ಸೇರಿದರು. ಬೌಡನ್, ಗ್ರೆಗರಿ, ಟೇಬರ್ ಮೂವರ ಲೇಖನ 1945ರಲ್ಲಿ ‘ನೇಚರ್’ನಲ್ಲಿ ಬಂತು. ಪ್ಯಾರಾಫಿನ್ ಎಣ್ಣೆಗೆ ನೂರಕ್ಕೆ ಒಂದು ಪಾಲು ಲಾರಿಕ್ ಆಮ್ಲ (ತೆಂಗಿನೆಣ್ಣೆಯಲ್ಲಿ ಹೇರಳವಾಗಿರುವುದು ಇದೇ) ಬೆರೆಸಿ ಬೇರೆ ಬೇರೆ ಲೋಹಗಳ ಮೇಲೆ ಅವರು ನೋಡಿದ್ದರು. ತಾಮ್ರದ ಮೇಲೆ ಘರ್ಷಣಾಂಕ ಸುಮಾರು 0.3ರಿಂದ 0.08ಕ್ಕೆ ಬಿತ್ತು. ಸತುವಿನ ಮೇಲೂ ಹೀಗೇ. ಯಾರೊಂದಿಗೂ ಬೇಗ ಕೂಡಿಕೊಳ್ಳದ ಪ್ಲಾಟಿನಮ್ ಮೇಲೆ? 0.28 ಇದ್ದದ್ದು 0.25, ಅಷ್ಟೇ! ಆಮ್ಲ ಅದೇ, ತಲೆ ಅದೇ, ಬಾಲ ಅದೇ, ಲೋಹ ಒಲ್ಲೆ ಎಂದರೆ ಕೆಲಸ ಆಗುವುದಿಲ್ಲ. ಶಾಖದ ಪರೀಕ್ಷೆಯೂ ಇದನ್ನೇ ಹೇಳಿತು. ಪ್ಲಾಟಿನಮ್ ಮೇಲೆ ಆಮ್ಲ ಕರಗುವ ಉಷ್ಣತೆಗೇ ಪದರದ ಗುಣ ಹೋಗುತ್ತದೆ. ತಾಮ್ರದಂಥ ಲೋಹದ ಮೇಲೆ ಅದಕ್ಕಿಂತ ಸಾಕಷ್ಟು ಮೇಲಿನವರೆಗೆ, ಆ ಲೋಹದ ಸಾಬೂನು ಮೆತ್ತಗಾಗುವವರೆಗೆ ಉಳಿಯುತ್ತದೆ. ಲೋಹದ ಮೈಮೇಲೆ ಇರುವ ತೆಳ್ಳನೆಯ ಆಕ್ಸೈಡು, ಗಾಳಿಯ ತೇವ, ಇವೂ ಈ ಕೂಡಿಕೆಗೆ ಬೇಕು ಎಂದೂ ಕಂಡುಬಂತು. ಡೀಲಿಯವರ 1919ರ ಮಾತು ಕಾಲು ಶತಮಾನದ ಮೇಲೆ ಹೀಗೆ ಗೆದ್ದಿತು.

ಹಾರ್ಡಿ ಸೋತರು ಎಂದಲ್ಲ. ಪದರ ಒಂದು ಅಣುವಿನಷ್ಟೇ ದಪ್ಪ, ಅಣುಗಳು ನಿಂತಿವೆ ಎಂಬುದು ಇಂದಿಗೂ ಸರಿ. ಕಬ್ಬಿಣದ ಆಕ್ಸೈಡಿನ ಮೇಲೆ ಎಣ್ಣೆಯ ಒಳಗೇ ನ್ಯೂಟ್ರಾನ್ ಕಿರಣ ಹಾಯಿಸಿ ಈಚಿನ ವರ್ಷಗಳಲ್ಲಿ ಅಳೆದಾಗಲೂ ಪದರದ ದಪ್ಪ ಎರಡು ನ್ಯಾನೋಮೀಟರಿನ ಆಸುಪಾಸಿನಲ್ಲೇ ಬಂದಿದೆ. ನೇರ ಬಾಲದ ಸ್ಟಿಯರಿಕ್ ಆಮ್ಲ ಒತ್ತೊತ್ತಾಗಿ ನಿಲ್ಲುತ್ತದೆ. ನಡುವೆ ಸೊಂಟ ಬಾಗಿದ ಒಲೀಕ್ ಆಮ್ಲ ಸ್ವಲ್ಪ ಸಡಿಲ.

ಈಗ ಹರಳೆಣ್ಣೆಗೆ ವಾಪಸ್ಸು ಬರೋಣ. ಅದರ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85–90ರಷ್ಟು ರಿಸಿನೋಲಿಕ್ ಎಂಬ ಒಂದೇ ಆಮ್ಲ. ತಲೆಯಲ್ಲಿ ಒಂದು ಹಿಡಿಕೆ ಇರುವುದಲ್ಲದೆ ಹನ್ನೆರಡನೇ ಕಾರ್ಬನ್ನಿನಲ್ಲಿ ಇನ್ನೊಂದು ಹಿಡಿಕೆ, ಒಂದು ಹೈಡ್ರಾಕ್ಸಿಲ್ ಗುಂಪು. ಅದರಿಂದಲೇ ಈ ಎಣ್ಣೆ ಅಷ್ಟು ಮಂದ, ಅಷ್ಟು ಅಂಟು, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದೂ ಇಲ್ಲ. ಈ ಕೊನೆಯ ಗುಣಕ್ಕಾಗಿಯೇ ಮೊದಲ ಮಹಾಯುದ್ಧದ ನೋಮ್, ಲೆ ರೋನ್ ವಿಮಾನ ಎಂಜಿನ್ನುಗಳಿಗೆ ಹರಳೆಣ್ಣೆ ಬೇಕಿತ್ತು, ಖನಿಜ ತೈಲವನ್ನು ಪೆಟ್ರೋಲು ತೊಳೆದುಬಿಡುತ್ತಿತ್ತು. ಆ ಎಂಜಿನ್ನುಗಳು ಸುತ್ತುತ್ತಾ ಎಣ್ಣೆಯನ್ನು ಹೊರಗೆ ಎರಚುತ್ತಿದ್ದವು, ವಿಮಾನ ಚಾಲಕರ ಮುಖದ ತುಂಬ ಹರಳೆಣ್ಣೆ. ಪರಿಣಾಮವನ್ನು ನಿಮ್ಮ ಅಜ್ಜಿಯನ್ನು ಕೇಳಿ! ಮದ್ರಾಸ್ ಪ್ರಾಂತ್ಯ, ಹೈದರಾಬಾದ್ ಸೀಮೆಗಳ ಒಣಭೂಮಿಯ ಹರಳು ಆ ಕಾಲದಲ್ಲಿ ಹಡಗು ಹತ್ತುತ್ತಿತ್ತು. ಅಂದ ಹಾಗೆ, ಗ್ಯಾರೇಜುಗಳ ಬೋರ್ಡಿನಲ್ಲಿ ಕಾಣುವ ‘ಕ್ಯಾಸ್ಟ್ರಾಲ್’ ಎಂಬ ಹೆಸರು 1909ರಲ್ಲಿ ಬಂದದ್ದು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿ. ಡೀಸೆಲ್ ಎಂಜಿನ್ನಿನ ಇಂಧನ ಪಂಪಿಗೆ ಬೇರೆ ಕೀಲೆಣ್ಣೆ ಇಲ್ಲ, ಅದರೊಳಗೆ ಹಾಯುವ ಡೀಸೆಲ್ಲೇ ಕೀಲೆಣ್ಣೆ. ಹೊಗೆ ಕಡಿಮೆ ಮಾಡಲು ಗಂಧಕ ತೆಗೆಯುವಾಗ ಡೀಸೆಲ್ಲಿನಲ್ಲಿ ಸಹಜವಾಗಿದ್ದ, ಲೋಹಕ್ಕೆ ಅಂಟುವ ಅಂಶಗಳೂ ಹೋಗಿಬಿಡುತ್ತವೆ. ಸ್ವೀಡನ್ನಿನಲ್ಲಿ 1991ರಲ್ಲಿ ಇಂಥ ಶುದ್ಧ ಡೀಸೆಲ್ ತಂದಾಗ ಪಂಪುಗಳು ಸವೆದು ಕೆಟ್ಟವು. ಪರಿಹಾರವಾಗಿ ಬೆರೆಸಿದ್ದರಲ್ಲಿ ಮುಖ್ಯವಾದದ್ದು, ಊಹಿಸಿದಿರಲ್ಲ, ಕೊಬ್ಬಿನಾಮ್ಲ ಮತ್ತು ಅದರ ಎಸ್ಟರುಗಳು. ಪೈನ್ ಮರದಿಂದ ಕಾಗದ ಮಾಡುವಾಗ ಸಿಗುವ ಕೊಬ್ಬಿನಾಮ್ಲವನ್ನು ಹತ್ತು ಸಾವಿರಕ್ಕೆ ಒಂದೆರಡು ಪಾಲು ಹಾಕಿದರೂ ಸಾಕು. ನಮ್ಮ ದೇಶದಲ್ಲಿ ಡೀಸೆಲ್ಲಿನ ಗಂಧಕದ ಮಿತಿ 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದ ಬಿಎಸ್-4ರಲ್ಲಿ ಹತ್ತು ಲಕ್ಷಕ್ಕೆ 50 ಪಾಲು, 2020ರ ಏಪ್ರಿಲ್‌ನಿಂದ ಬಿಎಸ್-6ರಲ್ಲಿ 10 ಪಾಲು. ಆದ್ದರಿಂದ ಡೀಸೆಲ್ಲಿಗೆ ಜಿಡ್ಡುತನದ ಪರೀಕ್ಷೆಯೂ ಇದೆ. ಆರು ಮಿಲಿಮೀಟರಿನ ಉಕ್ಕಿನ ಗುಂಡನ್ನು 200 ಗ್ರಾಂ ಭಾರದಲ್ಲಿ, ಡೀಸೆಲ್ಲಿನಲ್ಲಿ ಮುಳುಗಿಸಿದ ಬಿಲ್ಲೆಯ ಮೇಲೆ ಒಂದು ಮಿಲಿಮೀಟರ್ ಅತ್ತಿತ್ತ, ಸೆಕೆಂಡಿಗೆ 50 ಸಲ, 60 ಡಿಗ್ರಿ ಶಾಖದಲ್ಲಿ 75 ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವೆತದ ಗುರುತು 0.46 ಮಿಲಿಮೀಟರಿಗಿಂತ ದೊಡ್ಡದಾದರೆ ಆ ಡೀಸೆಲ್ ನಪಾಸು. ಹೋಗಿ, ನಿಂತು, ಹಿಂದಕ್ಕೆ ಬರುವ ಆ ಗುಂಡನ್ನು ಸಿರುಮುಗೈಯ ಯಾವ ನೇಕಾರರಿಗೆ ತೋರಿಸಿದರೂ ಪಿಕ್ಕರಿನ ಸರಳು ನೆನಪಾದೀತು.

ಒಂದು ಕೋರಿಕೆ. ಗಾಡಿಗೆ ಬಳಿಯುವ ಜಿಡ್ಡಿಗೆ ಕೀಲೆಣ್ಣೆ ಅಲ್ಲದೆ ನಿಮ್ಮೂರಿನಲ್ಲಿ ಬೇರೆ ಹೆಸರಿದ್ದರೆ, ಅದಕ್ಕೆ ಹರಳೆಣ್ಣೆಯ ಬದಲು ಹಿಪ್ಪೆ, ಬೇವು, ಹೊಂಗೆ ಏನಾದರೂ ಹಾಕುತ್ತಿದ್ದರೆ, ಮನೆಯ ಹಿರಿಯರನ್ನು ಕೇಳಿ ಬರೆದು ತಿಳಿಸಿ. ತಾಳವಾಡಿ, ಹೊಸೂರು, ನೀಲಗಿರಿ ಕಡೆಯ ಮಾತುಗಳು ಬಂದರಂತೂ ಬಹಳ ಸಂತೋಷ.